ಸೊಟ್ಟ ಸಾಲಿನ ಕೀರ್ತಿ

ಚನ್ನರಾಯಪ್ಪನ ಕಷ್ಟಕ್ಕೆಲ್ಲ ಮೂಲ, ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವನು ಆಡಿದ ಒಂದು ಮಾತು: "ಅದಕ್ಕೇನಂತೆ, ನಾನಿದೀನಲ್ಲ."

ಅದು ಎರಡು ವರ್ಷದ ಹಿಂದಿನ ಮಾತು. ತಾಯಲೂರಿಗೆ ಒಂದು ಬಿಳಿ ಕಾರು ಬಂದಿತ್ತು. ಅದರಿಂದ ಇಳಿದ ಗಡ್ಡದ ಹುಡುಗನೂ ಕನ್ನಡಕದ ಹುಡುಗಿಯೂ ಮೂನ್‌ಬುಲಕ್ ಎಂಬ ವಿಡಿಯೋ ಗೇಮ್ ಕಂಪನಿಯವರು. ಬೇಸಾಯದ ಮೇಲೆ ಒಂದು ಗೇಮ್ ಮಾಡುತ್ತಿದ್ದೇವೆ, ಎತ್ತು ಕಟ್ಟಿ ಉಳುವವರು ಇದ್ದರೆ ತೋರಿಸಿ, ನಾವು ಕಂಡದ್ದನ್ನು ಕಂಡ ಹಾಗೇ ಮಾಡುವವರು ಎಂದರು. ಚನ್ನರಾಯಪ್ಪ ಕೊನೆಯ ಸಲ ನೇಗಿಲ ಮೇಣಿ ಹಿಡಿದು ಹದಿನೈದು ವರ್ಷವಾಗಿತ್ತು. ಉಳುಮೆಗೆ ಟ್ರಾಕ್ಟರ್ ಕರೆಸುತ್ತಿದ್ದ. ಮನೆಯ ನೇಗಿಲು ಹಿತ್ತಲಲ್ಲಿ ಸೋರೆ ಬಳ್ಳಿಗೆ ಆಸರೆಯಾಗಿ ನಿಂತು, ತಾನೂ ಒಂದು ಗಿಡವೇ ಎಂದು ನಂಬಿಕೊಂಡಿತ್ತು. ಆದರೆ ಅಷ್ಟು ಜನರ ನಡುವೆ ಕ್ಯಾಮೆರಾ ನೇತುಹಾಕಿಕೊಂಡ ಹುಡುಗಿ ತನ್ನ ಕಡೆಗೇ ನೋಡಿದಾಗ ಆ ಮಾತು ತಾನಾಗಿ ಬಾಯಿಂದ ಜಾರಿಬಿಟ್ಟಿತು.

ಮಾರನೆಯ ಬೆಳಿಗ್ಗೆ ಅವನು, ಇನ್ನೂ ಎತ್ತು ಸಾಕಿಕೊಂಡಿದ್ದ ಅಂಜಮ್ಮನ ಮನೆಗೆ ಹೋಗಿ, "ಟ್ರಾಕ್ಟರ್ ಹೋಗದಿರೋ ಮೂಲೆ ಒಂದೈತೆ ಅಕ್ಕಾ, ಒಂದು ಗಳಿಗೆ" ಎಂದು ಅವಳ ಎತ್ತು, ನೇಗಿಲು ಎರಡನ್ನೂ ಎರವಲು ತಂದ. ಹೊಲ ಅವನ ಹೆಂಡತಿಯ ತಮ್ಮ ವೆಂಕಟನದು. ಗುಡ್ಡದ ಮಗ್ಗುಲಿನ ಇಳಿಜಾರು. ಹಿಂದೆ ದೊಡ್ಡ ಬಂಡೆ ಇದ್ದುದರಿಂದ ಫೋಟೋಗೆ ಚೆನ್ನಾಗಿರುತ್ತದೆ ಎಂದು ಹುಡುಗಿ ಅದನ್ನೇ ಆರಿಸಿದ್ದಳು. ಅವಸರದಲ್ಲಿ ಚನ್ನರಾಯಪ್ಪ ಬಲಕ್ಕೆ ಹೂಡಬೇಕಾದ ಎತ್ತನ್ನು ಎಡಕ್ಕೂ, ಎಡದ್ದನ್ನು ಬಲಕ್ಕೂ ಹೂಡಿದ. ಪಳಗಿದಾಗಿನಿಂದ ಒಂದೇ ಮಗ್ಗುಲಲ್ಲಿ ನಡೆದ ಪ್ರಾಣಿಗಳು, ಮದುವೆ ಮನೆಯಲ್ಲಿ ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಬಂದವರ ಹಾಗೆ ಹೆಜ್ಜೆ ಹಾಕಿದವು. ದಿಬ್ಬಕ್ಕೆ ನೇರ ಹತ್ತಿಸಹೋದರೆ ಒಪ್ಪಲಿಲ್ಲ. ಒಂದನ್ನೊಂದು ತಳ್ಳುತ್ತ, ಇಳಿಜಾರಿಗೆ ಅಡ್ಡವಾಗಿ, ಗುಡ್ಡದ ಸೊಂಟ ಬಳಸಿಕೊಂಡು ಹೊರಟವು. ಸಾಲು ಹಾವು ಹರಿದಂತೆ ಬಂತು. ಅದರ ಪಕ್ಕಕ್ಕೆ ಅದೇ ತರಹದ ಇನ್ನೊಂದು, ಮತ್ತೊಂದು. ಹೀಗೇ ಇಡೀ ಹೊಲ ಮುಗಿಯಿತು.

"ಸಾಲು ಯಾಕೆ ಬಾಗಿದೆ ಸರ್?" ಎಂದು ಹುಡುಗಿ ಕೇಳಿದಳು.

ಚನ್ನರಾಯಪ್ಪ ಬೆವರು ಒರೆಸಿಕೊಂಡು, "ನಮ್ಮ ಕಡೆ ಪದ್ಧತೀನೇ ಹಿಂಗೆ" ಎಂದ.

ಅವಳು ಭಕ್ತಿಯಿಂದ ತಲೆಯಾಡಿಸಿದಳು. ಬಿಸಿಲಿಗೆ ಕೊಡೆ ಹಿಡಿದು ನಿಂತಿದ್ದ ವೆಂಕಟನೂ ತಲೆಯಾಡಿಸಿದ. ಅವನು ತಾಯಲೂರಿನಲ್ಲಿ ಬೇಕರಿ ಇಟ್ಟವನು. ಹಿಟ್ಟಿನ ವಿಷಯ ಬಲ್ಲ, ಮಣ್ಣಿನದು ಅಷ್ಟಕ್ಕಷ್ಟೇ. ಹೇಗೂ ಉತ್ತದ್ದಾಗಿದೆ ಎಂದು ಕೂಲಿಯವರನ್ನು ಕರೆದು ರಾಗಿ ಚೆಲ್ಲಿಸಿ ಸುಮ್ಮನಾದ.

ಸೊಟ್ಟ ಸಾಲಿನ ವಿಷಯ ಒಂದು ಬಿಟ್ಟು ಉಳಿದದ್ದನ್ನೆಲ್ಲ ಚನ್ನರಾಯಪ್ಪ ಊರಿಗೆ ಹೇಳಿದ. ಮೊದಮೊದಲು "ನಾಲ್ಕು ಮಾತು ಕೇಳಿದ್ರಪ್ಪ" ಎನ್ನುತ್ತಿದ್ದವನು, ಬರಬರುತ್ತ "ನಾನೇ ಕಲಿಸ್ದೆ" ಎಂದ. ಹಾಲಿನ ಸೊಸೈಟಿಗೆ ಹೊಸ ಡೈರೆಕ್ಟರನ್ನು ಆರಿಸುವ ಸಭೆ ಹತ್ತಿರವಾದಂತೆ "ಪ್ರಪಂಚಕ್ಕೇ ಉಳುಮೆ ಕಲಿಸಿದೋನು ನಾನು" ಎನ್ನುವಲ್ಲಿಗೆ ಬಂದು ನಿಂತ. ಡೈರೆಕ್ಟರ್ ಆಗಬೇಕೆಂಬುದು ಅವನ ಹಳೆಯ ಆಸೆ. ಎರಡು ಸಲ ಹೆಸರು ಬಂದು, ಎರಡು ಸಲವೂ ಜಾರಿಹೋಗಿತ್ತು. ಈ ಸಲ ಸಭೆ ಬುಧವಾರ. ಗೇಮ್ ಬಿಡುಗಡೆಯಾದದ್ದು ಅದಕ್ಕೆ ಸರಿಯಾಗಿ ಹಿಂದಿನ ವಾರ. ದೇವರು ತನ್ನ ಪರವಾಗಿಯೇ ಕ್ಯಾನ್ವಾಸ್ ಮಾಡುತ್ತಿದ್ದಾನೆ ಎಂದು ಚನ್ನರಾಯಪ್ಪನಿಗೆ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಸರ್ಕಲ್ಲಿನ ಮೊಬೈಲ್ ಅಂಗಡಿಯ ಏಜಾಜ್ ತನ್ನ ದೊಡ್ಡ ಟಿವಿಯನ್ನು ಅಂಗಡಿಯ ಮುಂದಿನ ತಗಡಿನ ನೆರಳಿಗೆ ತಂದು ನಿಲ್ಲಿಸಿದ. ಏಜಾಜನಿಗೆ ಮೂನ್‌ಬುಲಕ್ ಎಂದರೆ ಪ್ರಾಣ. ಅವರ ಗೇಮುಗಳಲ್ಲಿ ಹುಲ್ಲು ಗಾಳಿಗೆ ಬಾಗುವುದನ್ನು ನೋಡಲಿಕ್ಕೇ ಜನ ಕಾಯುತ್ತಾರೆ ಎಂದು ಅವನು ರೀಚಾರ್ಜಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಊರವರು ಮಾತ್ರ ಅದಕ್ಕೆ ಎತ್ತಿನ ಕಂಪನಿ ಎಂದು ಹೆಸರಿಟ್ಟುಬಿಟ್ಟಿದ್ದರು.

ಚನ್ನರಾಯಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ಸೊಸೈಟಿಯ ಕಾರ್ಯದರ್ಶಿ ಚಂದ್ರಮೋಹನ್. ಯಾರನ್ನು ಡೈರೆಕ್ಟರ್ ಮಾಡಬೇಕು ಎಂಬುದರಲ್ಲಿ ಅವರ ಮಾತೇ ನಡೆಯುವುದು. ಹಿಂದೆ ಹೆಂಗಸರ ಸಾಲಿನಲ್ಲಿ ಚನ್ನರಾಯಪ್ಪನ ಹೆಂಡತಿ ಗಂಗರತ್ನಮ್ಮ, ಅವಳ ಪಕ್ಕ ಅಂಜಮ್ಮ. ಅಂಜಮ್ಮ ಗೇಮು ನೋಡಲು ಬಂದವಳಲ್ಲ. ಸೊಪ್ಪು ತರಲು ಹೊರಟಿದ್ದವಳು ಕುರ್ಚಿ ಕಂಡು ಕೂತಿದ್ದಳು.

ಪರದೆಯ ಮೇಲೆ ಬೆಳಗಾಯಿತು. ಗುಡ್ಡ ಕಂಡಿತು, ಬಂಡೆ ಕಂಡಿತು.

"ನಮ್ಮ ಗುಡ್ಡ ಕಣ್ರೋ" ಎಂದು ಯಾರೋ ಅಂದರು.

"ನೋಡಿ ಸರ್, ಹುಲ್ಲು ನೋಡಿ" ಎಂದ ಏಜಾಜ್, ತಾನೇ ಬೆಳೆಸಿದ ಹುಲ್ಲಿನಂತೆ.

"ಹುಲ್ಲು ಚೆನ್ನಾಗೈತೆ" ಎಂದು ಚಂದ್ರಮೋಹನ್ ಒಪ್ಪಿಕೊಂಡರು. "ಹಸುಗೆ ಹಾಕಂಗಿದ್ರೆ ಇನ್ನೂ ಚೆನ್ನಾಗಿರೋದು."

ಅಷ್ಟರಲ್ಲಿ ಉಳುಮೆ ಕಲಿಸುವ ಒಬ್ಬ ಮುದುಕ ಪರದೆಯ ಮೇಲೆ ಬಂದ. ಮುಖ ಬೇರೆ ಯಾರದೋ. ಉದ್ದ ಮೂಗು, ಬಿಳಿ ಮೀಸೆ. ಆದರೆ ಅವನು ಬಾರುಕೋಲು ಊರಿ ನಿಂತು, ಎಡಗಾಲಿನ ಪಾದದಿಂದ ಬಲಗಾಲಿನ ಮೀನಖಂಡವನ್ನು ಕೆರೆದುಕೊಂಡ. ಯಾವುದೇ ಕೆಲಸಕ್ಕೆ ಮೊದಲು ಹಾಗೆ ಕೆರೆದುಕೊಳ್ಳುವುದು ಚನ್ನರಾಯಪ್ಪನ ಚಾಳಿ. ನೋಡುತ್ತಿದ್ದಂತೆ ಅವನ ಮೀನಖಂಡವೂ ನವೆಯತೊಡಗಿತು. ಕಾಲಿನ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತ.

ಎತ್ತುಗಳು ಬಂದವು. ಅಂಜಮ್ಮ ಕನ್ನಡಕ ಹಾಕಿಕೊಂಡಳು.

"ಲೇ, ಅದು ನನ್ನ ಕರಿಯ ಅಲ್ವಾ? ಕಿವಿ ಹರ್ದಿರೋದು ನೋಡ್ರೇ."

"ನಾನು ಹೇಳ್ತಾ ಇರಲಿಲ್ವಾ ಅಮ್ಮ?" ಏಜಾಜ್ ಹಿಗ್ಗಿ ಹೀರೇಕಾಯಿಯಾದ. "ಕಿವಿ ಸಮೇತ ಹಾಕವ್ರೆ. ಅದಕ್ಕೇ ಅವರಿಗೆ ಅಷ್ಟು ಹೆಸರು."

ಜನ ಚನ್ನರಾಯಪ್ಪನ ಬೆನ್ನು ತಟ್ಟಿದರು. ಆ ಸುಖ ಎತ್ತುಗಳು ಹೊರಡುವ ತನಕ ಇತ್ತು. ಹೊರಟ ಎತ್ತುಗಳು ಒಂದನ್ನೊಂದು ತಳ್ಳಿಕೊಂಡು ಪಕ್ಕಕ್ಕೆ ತಿರುಗಿದವು. ಸಾಲು ಗುಡ್ಡವನ್ನು ಬಳಸಿಕೊಂಡು ಡೊಂಕುಡೊಂಕಾಗಿ ಹೋಯಿತು. ತಗಡಿನ ಕೆಳಗೆ ಎದ್ದ ನಗೆಗೆ ಎದುರಿನ ಹೋಟೆಲಿನವರು ಹೊರಗೆ ಬಂದು ನೋಡಿದರು.

"ಏನಪ್ಪಾ ಏಜಾಜ್," ಚಂದ್ರಮೋಹನ್ ಕಣ್ಣೊರೆಸಿಕೊಂಡರು, "ಇದೇನಾ ನಿನ್ನ ವರ್ಲ್ಡ್ ಫೇಮಸ್ಸು? ಕುಡಿದೋನು ಮನೆ ಹುಡುಕ್ಕೊಂಡು ಹೋದಂಗೈತೆ."

"ವಂಕರ ಟಿಂಕರ" ಎಂದು ಅಂಜಮ್ಮ ಆ ಸೊಟ್ಟಕ್ಕೆ ತೆಲುಗಿನಲ್ಲಿ ಹೆಸರಿಟ್ಟಳು.

ಏಜಾಜನ ಮುಖ ಕೆಂಪಾಯಿತು. "ಅರೆ, ಹಂಗನ್ನಬೇಡಿ ಸರ್. ಈ ಕಂಪನಿಯವರು ಒಂದು ಗೇಮ್‌ಗೋಸ್ಕರ ಮಂಜಿನ ದೇಶದಲ್ಲಿ ಒಂದು ಚಳಿಗಾಲ ಪೂರ್ತಿ ಕೂತು ಬಂದವ್ರೆ. ಕಂಡಿದ್ದು ಬಿಟ್ಟು ಬೇರೆ ಹಾಕಲ್ಲ. ಇವರು ತಪ್ಪು ಮಾಡಿಲ್ಲ ಅಂದ್ರೆ..."

ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೇ ಹೊಳೆದು ಸುಮ್ಮನಾದ. ಆದರೆ ಉಳಿದವರಿಗೂ ಹೊಳೆದಿತ್ತು. ಎಲ್ಲರೂ ಬಿಳಿ ಅಂಗಿಯ ಕಡೆ ತಿರುಗಿದರು. ಕಂಪನಿ ಸುಳ್ಳು, ಇಲ್ಲವೇ ಕಲಿಸಿದವನು ಸುಳ್ಳು.

ಚನ್ನರಾಯಪ್ಪ ಎದ್ದು ನಿಂತ. "ನಾನು ನೇರ ಉತ್ತು ತೋರಿಸ್ದೆ ಕಣ್ರಪ್ಪಾ. ಹಗ್ಗ ಹಿಡಿದಂಗೆ. ಇವರು ಊರಿಗೋಗಿ ಕೆಡಿಸವ್ರೆ. ದೊಡ್ಡ ಹೆಸರು ಅಷ್ಟೇ. ಒಳಗೇನೂ ಇಲ್ಲ."

"ಅಣ್ಣಾ," ಏಜಾಜನಿಗೆ ನಿಜವಾಗಿಯೂ ನೋವಾಯಿತು, "ಹೋದ್ವಾರ ಇದೇ ಅಂಗಡೀಲಿ ನಿಂತ್ಕೊಂಡು, ಲೋಕದಲ್ಲೇ ಇಂಥಾ ಕಂಪನಿ ಇಲ್ಲ ಅಂದ್ರಲ್ಲ ನೀವು?"

"ಹೋದ್ವಾರ ನಾನು ನೋಡಿರಲಿಲ್ಲವಲ್ಲಪ್ಪ."

"ಇರು, ಇರು," ಅಂಜಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. "ಕರಿಯ ಯಾವ ಕಡೆ ಅವ್ನೆ? ಎಡಕ್ಕೆ. ನನ್ನ ಕರಿಯ ಬಲದೆತ್ತು."

ಚನ್ನರಾಯಪ್ಪನ ಮೀನಖಂಡ ಬೆಂಕಿಯಾಯಿತು.

"ಆ ವರ್ಷ ನನ್ನ ಎತ್ತು ಒಂದು ತಿಂಗಳು ಸರಿಯಾಗಿ ನಡೀಲಿಲ್ಲ," ಅಂಜಮ್ಮ ಜನರ ಕಡೆ ತಿರುಗಿ ಹೇಳಿದಳು. "ಯಾರ ಕಣ್ಣು ಬಿತ್ತೋ ಅಂತ ದೃಷ್ಟಿ ತೆಗೆದೆ. ಮೆಣಸಿನಕಾಯಿ ಸುಟ್ಟು ಸುಟ್ಟು ನಂಗೇ ಕೆಮ್ಮು ಬಂತು. ಕಣ್ಣಲ್ಲ, ಕೈ. ಯಾವ ಸನ್ನಾಸಿನೋ ಅದಲು ಬದಲು ಹೂಡವ್ನೆ."

"ಅಕ್ಕಾ, ಅದು ಕನ್ನಡೀಲಿ ಕಂಡಂಗೆ," ಚನ್ನರಾಯಪ್ಪ ತಡಬಡಿಸಿದ. "ಟಿವೀಲಿ ಎಡ ಬಲ ತಿರುಗಿ ಬರ್ತದೆ."

"ಹಂಗಿದ್ರೆ ಬಂಡೆನೂ ತಿರುಗಬೇಕಿತ್ತಲ್ಲ ಅಣ್ಣ," ಏಜಾಜ್ ಮೆಲ್ಲಗೆ ಹೇಳಿದ. "ಬಂಡೆ ಗುಡ್ಡದ ಬಲಕ್ಕೇ ಐತೆ. ನಮ್ಮೂರಲ್ಲೂ ಬಲಕ್ಕೇ ಐತೆ."

ಎಲ್ಲರೂ ಎದ್ದು ದೂರದ ಗುಡ್ಡದ ಕಡೆ ನೋಡಿದರು. ಬಂಡೆ ಬಲಕ್ಕೇ ಇತ್ತು.

"ನನ್ನ ಎತ್ತು ಹೊಡ್ಕೊಂಡೋದೋನು ನೀನು ತಾನೇ?" ಎಂದಳು ಅಂಜಮ್ಮ.

ಎತ್ತಿನ ಎಡ ಬಲ ತಿಳಿಯದವನನ್ನು ಹಾಲಿನ ಸೊಸೈಟಿಗೆ ಯಾರು ಡೈರೆಕ್ಟರ್ ಮಾಡುತ್ತಾರೆ? ಬುಧವಾರ ಕಣ್ಣ ಮುಂದೆಯೇ ಜಾರಿಹೋಗುತ್ತಿದ್ದುದನ್ನು ಚನ್ನರಾಯಪ್ಪ ಕಂಡ. ಮುಳುಗುವವನ ಕೈಗೆ ಸಿಕ್ಕದ್ದು ಬಾಮೈದ.

"ಹೊಡ್ಕೊಂಡೋಗಿದ್ದು ನಾನು. ಹೂಡಿದ್ದು ನಾನಲ್ಲ. ವೆಂಕಟ. ಹೊಲ ಯಾರ್ದು ಹೇಳ್ರಪ್ಪಾ? ವೆಂಕಟಂದು. ಉತ್ತೋನೂ ವೆಂಕಟನೇ."

"ಮತ್ತೆ ಎರಡು ವರ್ಷದಿಂದ ನಾನೇ ಕಲಿಸಿದ್ದು ಅಂತಿದ್ದೆ?" ಚಂದ್ರಮೋಹನ್ ಕೇಳಿದರು.

"ಸುಮ್ನೆ ಹೇಳ್ಕೊಂಡೆ. ಬೇಕರಿಯೋನು, ಪಾಪ, ಮಾಡಿದ ತಪ್ಪು ಮುಚ್ಚಾಕೋಣ ಅಂತ."

"ಹಂಗೇ ಅನ್ಕೊಂಡಿದ್ದೆ" ಎಂದರು ಚಂದ್ರಮೋಹನ್. ತಲೆ ಅಲ್ಲಾಡಿಸಿದವರನ್ನು ನೋಡಿದರೆ, ಊರಿಗೆ ಊರೇ ಎರಡು ವರ್ಷದಿಂದ ಹಾಗೇ ಅಂದುಕೊಂಡಿದ್ದ ಹಾಗಿತ್ತು. ಚನ್ನರಾಯಪ್ಪನಿಗೆ ಸ್ವಲ್ಪ ಬೇಸರವೂ ಆಯಿತು. ಇಷ್ಟು ಸುಲಭವಾಗಿ ನಂಬಬಾರದಿತ್ತು.

ಅಂಜಮ್ಮ ಮಾತ್ರ ಬಿಡಲಿಲ್ಲ. "ಆಣೆ ಇಡು."

"ಸೊಸೈಟಿಗೆ ಹಾಲು ಹಾಕೋ ನನ್ನ ಹಸು ಮೇಲಾಣೆ. ಆವತ್ತು ನಾನು ಮೇಣಿ ಮುಟ್ಟಿಲ್ಲ."

ಹಸುವಿನ ಮೇಲಿನ ಆಣೆ ಎಂದರೆ ಮುಗಿಯಿತು. ಅಲ್ಲಿಂದಾಚೆಗೆ ಯಾರೂ ಕೇಳುವ ಹಾಗಿಲ್ಲ, ಇಟ್ಟವನು ಹಿಂದಕ್ಕೆ ತೆಗೆದುಕೊಳ್ಳುವ ಹಾಗೂ ಇಲ್ಲ. ಗಂಗರತ್ನಮ್ಮ ಗಂಡನನ್ನೇ ನೋಡುತ್ತಿದ್ದಳು. ಒಬ್ಬರು ಬೇಕರಿಗೆ ಫೋನ್ ಮಾಡಿ, "ಬಾರಪ್ಪಾ ವೆಂಕಟ, ಅಂಜಮ್ಮ ಕರೀತಾವ್ಳೆ" ಎಂದರು. ಚನ್ನರಾಯಪ್ಪ ಉಸಿರು ಬಿಟ್ಟು ಕುರ್ಚಿಯ ಮೇಲೆ ಕೂತ.

ಆದರೆ ಏಜಾಜನಿಗೆ ಸಮಾಧಾನವಿಲ್ಲ. ಉತ್ತವನು ಯಾರೇ ಆಗಲಿ, ತನ್ನ ಕಂಪನಿಯವರಿಗೆ ಸರಿ ತಪ್ಪು ತಿಳಿಯುವುದಿಲ್ಲ ಎಂಬ ಮಾತು ಊರಲ್ಲಿ ನಿಂತುಬಿಟ್ಟಿತ್ತು.

"ನೋಡಿದ್ದನ್ನ ನೋಡಿದಂಗೆ ತೋರಿಸೋದನ್ನ ನಮ್ಮನೆ ಕನ್ನಡೀನೂ ಮಾಡ್ತದೆ" ಎಂದರು ಚಂದ್ರಮೋಹನ್. "ಅದಕ್ಕೇನು ಪ್ರೈಸ್ ಕೊಡ್ತಾರಾ? ಎಲ್ಲಿ, ನೀನು ನೇರಕ್ಕೆ ಉಳು. ಹೊಲ ಅಂದ್ರೆ ಹೆಂಗಿರಬೇಕು ಅಂತ ಆ ಎತ್ತಿನ ಕಂಪನಿಗೆ ತೋರಿಸೋಣ."

ಗೇಮಿನಲ್ಲಿ ಆಡುವವನಿಗೆಂದೇ ಪಕ್ಕದಲ್ಲಿ ಇನ್ನೊಂದು ಹೊಲವಿತ್ತು. ಏಜಾಜ್ ಇಕ್ಕಟ್ಟಾದ ಸಂದಿಯಲ್ಲಿ ಬೈಕು ತಿರುಗಿಸುವ ಎಚ್ಚರದಿಂದ ಎತ್ತುಗಳನ್ನು ತಿರುಗಿಸಿ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೇರ ಉತ್ತ. ಜನ "ಹಾ, ಇದು ಉಳುಮೆ" ಎಂದರು. ಎರಡು ಹೊಲಕ್ಕೂ ರಾಗಿ ಚೆಲ್ಲಿದ. ಪರದೆಯ ಮೇಲೆ ಮೋಡ ಬಂತು. ಮೊದಲು ದೂರದಲ್ಲಿ ಕಪ್ಪಾಗಿ, ಆಮೇಲೆ ಬಂಡೆಯನ್ನು ನುಂಗಿ, ನಮ್ಮ ಕಡೆಯ ಮಳೆ ಬರುವ ಹಾಗೇ ಒಮ್ಮೆಗೇ ಸುರಿಯಿತು.

ನೇರ ಉತ್ತ ಹೊಲದಲ್ಲಿ ನೀರು ಸಾಲುಗಳಲ್ಲೇ ಕಾಲುವೆ ಮಾಡಿಕೊಂಡು ಧಾವಿಸಿತು. ಮಣ್ಣು, ಬೀಜ ಎಲ್ಲವನ್ನೂ ಹೊತ್ತುಕೊಂಡು ಹೋಗಿ ಕೆಳಗಿನ ರಸ್ತೆಗೆ ಸುರಿಯಿತು. ಸೊಟ್ಟ ಸಾಲಿನ ಹೊಲದಲ್ಲಿ ಒಂದೊಂದು ಸಾಲೂ ನೀರಿಗೆ ಅಡ್ಡ ಕೈ ಹಿಡಿದು ನಿಂತಿತು. ನೀರು ಇಂಗಿತು. ಬಿಸಿಲು ಬಂದಾಗ ಅಲ್ಲಿ ಹಸಿರು ಎದ್ದಿತ್ತು. ಏಜಾಜನ ಹೊಲ ಬೋಳಿಸಿದ ತಲೆಯಂತೆ ಮಿನುಗುತ್ತಿತ್ತು.

ಯಾರೂ ನಗಲಿಲ್ಲ.

"ಇಳಿಜಾರು ಭೂಮಿ," ಚಂದ್ರಮೋಹನ್ ನಿಧಾನಕ್ಕೆ ಹೇಳಿದರು. "ಅಡ್ಡಡ್ಡ ಉತ್ತರೆ ನೀರು ನಿಲ್ತದೆ. ನಮ್ಮ ತಾತ ಹೇಳೋನು ಇದನ್ನ. ಟ್ರಾಕ್ಟರ್ ಬಂದ್ಮೇಲೆ ನಮಗೆಲ್ಲ ಮರ್ತೋಗಿತ್ತು." ಮತ್ತೆ ಜನರ ಕಡೆ ತಿರುಗಿ, "ಆ ವರ್ಷ ವೆಂಕಟನ ರಾಗಿ ಹೆಂಗಿತ್ತು, ನೆನಪೈತಾ?"

ನೆನಪಿಲ್ಲದೆ ಏನು. ಆ ವರ್ಷ ಗುಡ್ಡದ ಮಗ್ಗುಲಲ್ಲಿ ಎಲ್ಲರ ರಾಗಿಯೂ ಬಡಕಲಾಗಿದ್ದಾಗ ವೆಂಕಟನ ಹೊಲದ ತೆನೆ ಮುಷ್ಟಿ ಗಾತ್ರವಿತ್ತು. ಕೇಳಿದವರಿಗೆ ಅವನು ದೇವರ ದಯೆ ಎಂದಿದ್ದ.

"ದೇವರ ದಯೆ ಅಂತೆ," ಅಂಜಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಎತ್ತು ದಿಬ್ಬ ಹತ್ತಬಾರದು, ಅಡ್ಡಕ್ಕೇ ನಡೀಬೇಕು ಅಂತಲೇ ಅದಲು ಬದಲು ಹೂಡವ್ನೆ. ಅಬ್ಬಾ, ಏಮಿ ತಲಕಾಯ, ಏನು ತಲೆ ಅವನ್ದು."

"ನಾನು ಹೇಳಲಿಲ್ವಾ," ಎಂದ ಏಜಾಜ್. ಅವನ ಕಣ್ಣಲ್ಲಿ ನೀರಾಡುತ್ತಿತ್ತು. "ಈ ಕಂಪನಿ ಸುಮ್ನೆ ಏನೂ ಹಾಕಲ್ಲ."

ಆ ಕಂಪನಿ ಎಷ್ಟು ಸುಮ್ಮನೆ ಹಾಕಿದೆ ಎಂದು ಹೇಳಬಲ್ಲ ಮನುಷ್ಯ ಲೋಕದಲ್ಲಿ ಒಬ್ಬನೇ ಇದ್ದ. ಅವನು ಮುಂದಿನ ಕುರ್ಚಿಯಲ್ಲಿ, ಹಸುವಿನ ಮೇಲೆ ಆಣೆ ಇಟ್ಟು ಕೂತಿದ್ದ.

ಇದೇ ಹೊತ್ತಿಗೆ ವೆಂಕಟ ಬಂದ. ಅಂಜಮ್ಮ ಕರೆದಳೆಂದರೆ ಬೈಗಳೇ ಎಂದು ತಿಳಿದು, ಮೊಣಕೈವರೆಗೆ ಮೈದಾ ಮೆತ್ತಿಕೊಂಡೇ ಓಡಿಬಂದಿದ್ದ. ಕೈಯಲ್ಲಿ ಅವಳೊಡನೆ ರಾಜಿ ಮಾಡಿಕೊಳ್ಳಲೆಂದು ತಂದ ಒಂದು ಟ್ರೇ ಪಫ್ಸು. ಜನ ಟ್ರೇ ತೆಗೆದುಕೊಂಡು ಅವನನ್ನು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿದರು.

"ಏನ್ಲಾ ವೆಂಕಟ, ಇಷ್ಟು ವಿದ್ಯೆ ಇಟ್ಕೊಂಡು ಬನ್ನು ಮಾರ್ತಾ ಕೂತಿದ್ಯಲ್ಲ. ಗುಡ್ಡದ ಹೊಲ ಅಡ್ಡಕ್ಕೆ ಉತ್ತೋನು ನೀನೇ ಅಂತ ನಿಮ್ಮ ಬಾವ ಎಲ್ಲಾ ಹೇಳ್ಬಿಟ್ಟ" ಎಂದಳು ಅಂಜಮ್ಮ.

ವೆಂಕಟ ಬಾವನ ಮುಖ ನೋಡಿದ. ಬಾವ ನೆಲ ನೋಡಿದ. ವೆಂಕಟ ವ್ಯಾಪಾರದವನು. ಗಿರಾಕಿ ಕೇಳುತ್ತಿರುವುದು ತನ್ನಲ್ಲಿಲ್ಲ ಎಂದು ಯಾವತ್ತೂ ಹೇಳಿದವನಲ್ಲ.

"ಹೇಳ್ಕೊಳ್ಳೋದೇನಿದೆ ಬಿಡಿ" ಎಂದ.

ಈ ವಿನಯಕ್ಕೆ ಚಂದ್ರಮೋಹನ್ ಕರಗಿಹೋದರು. "ಬುಧವಾರದ ಸಭೆ ಇಲ್ಲೇ ಮುಗೀತು ಅನ್ಕೊಳ್ರಪ್ಪಾ. ಸೊಸೈಟಿಗೆ ಹಾಲೂ ಹಾಕ್ತಾನೆ, ಬಾಯಿ ಬಡ್ಕೊಳ್ಳೋನೂ ಅಲ್ಲ. ಇಂಥೋನು ಬೇಕು ಡೈರೆಕ್ಟರ್."

ಚನ್ನರಾಯಪ್ಪ ಎದ್ದ. "ಚಂದ್ರಮೋಹನಣ್ಣ, ಒಂದು ನಿಮಿಷ. ಪೂರ್ತಿ ಹಂಗೂ ಅಲ್ಲ. ಮೇಣಿ ಅಂದ್ರೆ, ನಾನೂ ಒಂದು ಸ್ವಲ್ಪ..."

"ಚನ್ನರಾಯಪ್ಪಾ," ಚಂದ್ರಮೋಹನ್ ದನಿ ತಗ್ಗಿಸಿದರು, "ಹಸು ಮೇಲೆ ಆಣೆ ಇಟ್ಟಿದ್ದೀಯ. ಯೋಚನೆ ಮಾಡಿ ಮಾತಾಡು."

ಅವನು ಯೋಚನೆ ಮಾಡಿದ, ಕೂತ. ಈಗ ಎಲ್ಲರ ಕಣ್ಣೂ ವೆಂಕಟನ ಮೇಲಿದ್ದುದರಿಂದ, ಎಡಗಾಲೆತ್ತಿ ಬಲಗಾಲಿನ ಮೀನಖಂಡವನ್ನು ಮನಸಾರೆ ಕೆರೆದುಕೊಂಡ. ಇಡೀ ದಿನದಲ್ಲಿ ಅವನಿಗೆ ಸಿಕ್ಕ ಸುಖ ಅದೊಂದೇ.

ಮನೆಯ ದಾರಿಯಲ್ಲಿ ಕೆರೆ ಏರಿಯ ಹತ್ತಿರ ಬಂದಾಗ ಗಂಗರತ್ನಮ್ಮ ಹೇಳಿದಳು: "ಟಿವಿಯಲ್ಲಿದ್ದ ಆ ಮುದುಕಪ್ಪ ನಿಮ್ಮ ತರಾನೇ ಕಾಲು ಕೆರ್ಕೊಂತಾನೆ."

ಚನ್ನರಾಯಪ್ಪ ನಿಂತ. "ಗೊತ್ತಾಯ್ತಾ ನಿಂಗೆ?"

"ಇಪ್ಪತ್ತೈದು ವರ್ಷದಿಂದ ನೋಡ್ತಾ ಇದೀನಿ, ಗೊತ್ತಾಗಲ್ವಾ?"

"ಹಂಗಾದ್ರೆ ನೀನಾದ್ರೂ ಹೇಳ್ಬಾರ್ದಾಗಿತ್ತೇನೇ?"

"ನೀವೇ ಆಣೆ ಇಟ್ಮೇಲೆ ನಾನೇನು ಹೇಳ್ಲಿ?" ಎಂದಳು. ಸೆರಗು ಸರಿಮಾಡಿಕೊಂಡು, ಸ್ವಲ್ಪ ಮುಂದೆ ನಡೆದು, "ನನ್ನ ತವರಿಗೂ ಒಂದು ಸಲ ಹೆಸರು ಬರ್ಲಿ ಬಿಡಿ" ಎಂದಳು.

ಸಂಜೆ ಚನ್ನರಾಯಪ್ಪ ಹಿತ್ತಲಲ್ಲಿ ಹಸುವಿನ ಮುಖ ನೋಡಲು ನಾಚಿಕೊಂಡು ಹುಲ್ಲು ಹಾಕುತ್ತಿದ್ದಾಗ ಗೋಡೆಯಾಚೆ ವೆಂಕಟನ ತಲೆ ಕಂಡಿತು. ಕೊರಳಲ್ಲಿ ಯಾರೋ ಹಾಕಿದ ಸೇವಂತಿಗೆ ಹಾರ ಇನ್ನೂ ಇತ್ತು.

"ಬಾವಾ, ಒಂದು ಫಜೀತಿ ಆಗೋಯ್ತು. ನಾಳೆ ಬೆಳಿಗ್ಗೆ ಅಂಜಮ್ಮನ ಹೊಲದಲ್ಲಿ ನಾನು ಉತ್ತು ತೋರಿಸ್ಬೇಕಂತೆ. ಏಜಾಜ್ ವಿಡಿಯೋ ಮಾಡಿ ಆ ಕಂಪನಿಗೆ ಕಳಿಸ್ತಾನಂತೆ. ಊರೋರೆಲ್ಲ ಬರ್ತಾರೆ. ಈಗ ಸ್ವಲ್ಪ ಹೇಳ್ಕೊಡು ಬಾವ."

"ನಂಗೇನೂ ಗೊತ್ತಿಲ್ಲ. ನಾನು ಮೇಣಿ ಮುಟ್ಟಿಲ್ಲ."

"ಅಕ್ಕ ಹೇಳಿದ್ಳು, ನೀನು ಹೇಳ್ಕೊಡ್ತೀಯ ಅಂತ."

ಅಡುಗೆಮನೆಯ ಕಿಟಕಿಯಲ್ಲಿ ಗಂಗರತ್ನಮ್ಮ ನಿಂತಿದ್ದಳು. ಚನ್ನರಾಯಪ್ಪ ಆ ಕಡೆ ಒಮ್ಮೆ, ಹಸುವಿನ ಕಡೆ ಒಮ್ಮೆ ನೋಡಿ, ಹುಲ್ಲಿನ ಕೈ ಕೊಡವಿಕೊಂಡು, ನೇಗಿಲಿಗೆ ಸುತ್ತಿದ್ದ ಸೋರೆ ಬಳ್ಳಿಯನ್ನು ಬಿಡಿಸತೊಡಗಿದ. ಎರಡು ಎಳೆಗಾಯಿ ಕೆಳಗೆ ಬಿದ್ದವು. ಹದಿನೇಳು ವರ್ಷ ಗಿಡವಾಗಿದ್ದ ನೇಗಿಲು ಬಹಳ ಬೇಸರದಿಂದ ಹೊರಗೆ ಬಂತು. ಅದನ್ನು ಹಿತ್ತಲ ನೆಲಕ್ಕೆ ಊರಿ, ಅಭ್ಯಾಸಬಲದಿಂದ ಎಡಗಾಲೆತ್ತಿ ಬಲಗಾಲಿನ ಮೀನಖಂಡ ಕೆರೆದುಕೊಂಡು, ಮೇಣಿ ಹಿಡಿದ.

ಹಾರ ಹಿಂದಕ್ಕೆ ಹಾಕಿಕೊಂಡು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ವೆಂಕಟ ಕೇಳಿದ:

"ಬಾವ, ಕಾಲು ಕೆರ್ಕೊಳ್ಳೋದು ಮೊದ್ಲು ಒಂದೇ ಸಲಾನಾ, ಇಲ್ಲ ಸಾಲಿಗೊಂದು ಸಲಾನಾ?"